ನಾಕ ಬೆರಳ ಬಾಜೂಕ

…ಅಲ್ಲೋ ಖಾದರ್, ಚಾ ಬ್ಯಾಡ ಅಂದ್ನೆಲ್ಲ! ಕುಂದ್ರು. ಕುಂದ್ರು ಮಾರಾಯಾ, ಎದ್ದು ನಿಂದ್ರಾಕ ನಾ ಏನ ಗಿರಾಕಿ ಅಲ್ಲ. ನೀ ಆ ಮಿಕ್ಸರ್ ಬಿಚ್ಚಕೋತ ಇರು, ನಾ ಈ ಸ್ಟೂಲಿನ ಮ್ಯಾಲೆ ಕುಂಡರ್ತೇನಿ. ಮುರದ ಬೀಳೂದಿಲ್ಲ ಹೌದಿಲ್ಲೋ ಇದು?… ಹಾಂ. ಛಲೋ ಐತಿ ಅಂಗಡಿ. ಸಣ್ಣದಾದ್ರೂ ಛಲೋ ಐತಿ. ರಾಯಾಪುರದಾಗ ಚಿಗರಿ ಬಸ್ ಇಳದು ಮೂರು ಮಂದೀನ್ನ ಕೇಳಿದೆ, 'ಮಿಕ್ಸರ್ ರಿಪೇರಿ ಖಾದರಬಾಷಾ ಎಲ್ಲಿ ಕುಂಡರ್ತಾನ' ಅಂತ. ಒಬ್ಬಾಂವ, 'ಹೊಸದಾಗಿ ಬಂದಾನಲ್ಲ, ಬಾಯಿನ ತಗಿಯೂದಿಲ್ಲಲ್ಲ, ಅಂವಾ?' ಅಂದ. ಹೌದಪಾ, ಅಂವನ, ಅಂದೆ.

ಯಾಕ ಹಂಗ ನೋಡತಿ? ಕೆಲಸ ಬಿಟ್ಟು ಎಂಟ ತಿಂಗಳಾತು, ಈ ಗುರುಶಿದ್ದಪ್ಪಗ ನನ್ನ ಹಾದಿ ಈಗ ನೆನಪಾತೇನು ಅಂತ ಹೌದಿಲ್ಲೋ? ಬೈ. ಬೈದುಬಿಡು ಒಮ್ಮೆ, ನಾನೂ ಹಗರ ಆಗತೇನಿ… ಬೈಯೂದಿಲ್ಲ. ಗೊತ್ತೈತಿ ನನಗ. ನಿನ್ನ ಕಡಿಂದ ಬೈಸಿಕೊಳ್ಳಾಕೂ ನಸೀಬ ಬೇಕು.

ಈ ಗಂಟ ನೋಡಾಕತ್ತಿಯೇನು? ನಿಂದ ಅದು. ಎರಡು ರೊಟ್ಟಿ, ಶೇಂಗಾ ಚಟ್ನಿ, ಒಂದೀಟು ಬದನಿಕಾಯಿ. ಫಕೀರವ್ವ ಕಟ್ಟಿದ್ದು. ನಿನಗಂತನ ಕಟ್ಟಿದ್ದು ಮಾರಾಯಾ, ಸುಳ್ಳ ಹೇಳಾಕತ್ತಿಲ್ಲ! ಹನ್ನೊಂದು ವರ್ಷದಿಂದ ಕಟ್ಟಿದ ಕೈ ಅದು, ನನಗೊಂದು ಡಬ್ಬಿ, ನಿನಗೊಂದು ಗಂಟ. ಅಕಿಗೆ ಇನ್ನೂ… ಹೆಂಗ ಹೇಳ್ಲಿ ಇದನ್ನ… ಅಕಿಗೆ ನಾ ಹೇಳೇ ಇಲ್ಲ. ನೀ ಫ್ಯಾಕ್ಟರಿ ಬಿಟ್ಟದ್ದು ನನ್ನ ಹೇಂತಿಗೆ ಗೊತ್ತಿಲ್ಲ ಖಾದರ್. ಖರೇನ. ಮುಂಜಾನೆ ನಾಲ್ಕಕ್ಕ ಎದ್ದು ರೊಟ್ಟಿ ಬಡೀತಾಳ, ಗಂಟ ಕಟ್ಟತಾಳ, 'ಚಟ್ನಿ ಖಾರ ಆತೇನು ಅಂತ ಖಾದರಣ್ಣಗ ಕೇಳ್ರಿ' ಅಂತಾಳ. ನಾ ಮನಿಗೆ ಹೋಗಿ, 'ಇಲ್ಲಂತ, ಛಲೋ ಆಗಿತ್ತಂತ' ಅಂತೇನಿ. ಆ ರೊಟ್ಟಿ ಎಲ್ಲಿ ಹೋಗ್ತಾವು ಅಂತೀಯೇನು? ಗೇಟಿನ ಹೊರಗ ಬಸ್ ಸ್ಟಾಪಿನ್ಯಾಗ ಕುಂತು ನಾನ ತಿಂತೇನಿ. ಒಬ್ಬನ. ದಿನಾ. ಇವತ್ತ ತಿನ್ನಾಕ ಆಗಲಿಲ್ಲ, ಹಂಗ ತಗೊಂಡ ಬಂದೆ.

ನೋಡು, ನಾವಿಬ್ಬರೂ ಕೂಡಿ ಊಟಕ್ಕ ಒಂದ ದಿನಾನೂ ಕುಂತಿಲ್ಲ, ನೆನಪೈತಿ? ನನ್ನದು ಮುಂಜಾನಿ ಶಿಫ್ಟ್, ನಿನ್ನದು ಮಧ್ಯಾಹ್ನದ್ದು. ಎರಡಕ್ಕ ಹತ್ತು ನಿಮಿಷ ಇರತ ನೀ ಬರ್ತಿದ್ದಿ, ಎರಡು ಬಡಿದ ಕೂಡಲೆ ನಾ ಹೋಗತಿದ್ದೆ. ಒಂದ ಮಷಿನ್ನು, ಇಬ್ಬರು ಮಂದಿ, ನಡುವ ಹತ್ತ ನಿಮಿಷ. ಆ ಹತ್ತ ನಿಮಿಷದಾಗ ಏನೇನ ಮಾತಾಡತಿದ್ದಿವಿ! ಇವತ್ತ ಎಡಗಡೆ ಕಟಕಟ ಅನ್ನಾಕತ್ತೈತಿ ನೋಡಕೋ, ಎಣ್ಣಿ ಕಡಿಮಿ ಐತಿ, ಅಫ್ರೀನ್‌ಗ ಜ್ವರಾ ಇಳೀತೇನು, ಮನಿಗೆ ನೀರ ಬಂತೇನು… ಎಲ್ಲಾ ಹತ್ತ ನಿಮಿಷದಾಗ. ಈಗ ನಿನ್ನ ಜಾಗಾಕ್ಕ ಹನಮೇಶ ಅಂತ ಬಂದಾನ. ಕೆಟ್ಟಾಂವಲ್ಲ ಪಾಪ. ಕಿವ್ಯಾಗ ಹಾಡ ಹಚಗೊಂಡ ಬರ್ತಾನ, ನನಗ ಹೆಬ್ಬೆಟ್ಟ ಎತ್ತಿ ತೋರಸ್ತಾನ, ಮುಗೀತು. ಎಡಗಡೆ ಕಟಕಟ ಅಂತೈತಿ ಅಂತ ಯಾರ ಮುಂದ ಹೇಳ್ಲಿ? ಮಷಿನ್ನಿನ ಮುಂದ ಹೇಳಿ ಬರ್ತೇನಿ.

ಮಗಳು ಹೆಂಗದಾಳ, ಅಫ್ರೀನ್? ಕಾಲೇಜಿಗೆ ಹೊಂಟಾಳೇನು?… ಹಾಂ. ಛಲೋ ಆತು.

ಇರ್ಲಿ. ಬಂದ ಕೆಲಸ ಹೇಳತೇನಿ. ಈ ಕಾಗದಾ ತಗೋ. ಅಲ್ಲಿ ಕೈ ಒರಸ್ಕೊಂಡು ತಗೋ, ಎಣ್ಣಿ ಹತ್ತತೈತಿ. ಹೊಸಾ ಮೇಡಮ್ ಬಂದಾರ ನಮ್ಮಲ್ಲೆ, ಸುರಭಿ ಅಂತ. ಸುಧಾರಣಾ ತಂಡ ಈಗ ಅವರ ಕೈಯಾಗ ಐತಿ. ನೀ ಇದ್ದಾಗ ವಿನೋದ ಸಾಹೇಬ್ರು ನಡಸತಿದ್ದರಲ್ಲ, ಗುರುವಾರಕ್ಕೊಮ್ಮೆ ಮ್ಯಾಲಿನ ಖೋಲ್ಯಾಗ ಕುಂದ್ರಿಸಿ, 'ಕೆಲಸ ಇನ್ನಷ್ಟು ಛಲೋ ಆಗಾಕ ಏನ ಮಾಡಬೇಕು, ನೀವ ಹೇಳ್ರಿ' ಅಂತ ಕೇಳೂ ಮೀಟಿಂಗು, ಅದ. ಈ ಮೇಡಮ್ ನಾಲ್ಕ ಮೀಟಿಂಗ್ ನೋಡಿದ್ರು. ನಾಲ್ಕರಾಗೂ ನಾವು ತುಟಿ ಪಿಟಕ್ ಅನ್ನಲಿಲ್ಲ. ಐದನೇದಕ್ಕ ಬಂದು ಎಲ್ಲಾರಿಗೂ ಒಂದೊಂದು ಕಾಗದಾ ಕೊಟ್ಟರು. ಒಂದ ಪ್ರಶ್ನೆ. ಓದು… ಜೋರಾಗಿ ಓದೂದಿಲ್ಲ? ನಾನ ಓದತೇನಿ. 'ತಂಡದ ಸಭೆಯಲ್ಲಿ ನಾವು ಯಾಕೆ ಮಾತಾಡುವುದಿಲ್ಲ?' ಕೆಳಗ ಐದು ಗೆರಿ ಖಾಲಿ. 'ಹೆಸರ ಬರೀಬ್ಯಾಡ್ರಿ, ಖರೇ ಇದ್ದದ್ದನ್ನ ಬರೀರಿ, ನಾಳೆ ಕೊಡ್ರಿ' ಅಂದ್ರು. ನನ್ನ ಅಕ್ಷರ ನಿನಗ ಗೊತ್ತಲ್ಲ, ನಾ ಬರದದ್ದು ಮರುದಿನ ನನಗ ತಿಳಿಯೂದಿಲ್ಲ. ಶಿಫ್ಟಿನ ವಹಿ ಹನ್ನೊಂದು ವರ್ಷ ನೀನ ಬರದಿ, ಗುಂಡಗ, ಮುತ್ತ ಪೋಣಿಸಿಧಂಗ. ಅದಕ್ಕ ಬಂದೆ. ನಾ ಹೇಳತೇನಿ, ನೀ ಬರಿ. ತಗೋ ಪೆನ್ನು.

ಅದಕ್ಕಷ್ಟ ಬಂದಿಲ್ಲ ಅಂತ ನಿನಗ ಅನಸಾಕತ್ತೈತಿ. ಹೌದು. ಇನ್ನೊಂದ ಮಾತ ಐತಿ. ಮೊದಲ ಅದನ್ನ ಹೇಳಿಬಿಡ್ತೇನಿ. ಈ ಶನಿವಾರ ಪುಣೆದಿಂದ ದೊಡ್ಡ ಸಾಹೇಬ್ರು ಬರ್ತಾರ. ನಮ್ಮ ತಂಡ ಮಾಡಿದ ಛಲೋ ಕೆಲಸ ಅಂತ ಒಂದು ತೋರಸ್ತಾರ, ಪಡದೇದ ಮ್ಯಾಲೆ. ಯಾವುದು ಅಂತಿ? ಸೋಮವಾರದ್ದು. ಹೌದಪಾ, ನಿಂದ. ಪ್ರತಿ ಸೋಮವಾರ ಮಧ್ಯಾಹ್ನದ ಶಿಫ್ಟಿನ್ಯಾಗ ಮಷಿನ್ ನಿಂತು ನಿಂತು ಮಾಲ ಕಡಿಮಿ ಬೀಳತಿತ್ತಲ್ಲ, ಅದನ್ನ ಹೆಂಗ ಸರಿ ಮಾಡಿದಿವಿ ಅಂತ. ಅದರಾಗ ನಿನ್ನ ಹೆಸರೈತಿ ಖಾದರ್. 'ಕಾರಣ: ಆಪರೇಟರ್ ಖಾದರಬಾಷಾ ಅವರ ನಿರ್ಲಕ್ಷ್ಯ.' ಕೆಂಪ ಅಕ್ಷರದಾಗ ಬರದಾರ. ಮತ್ತ ನೀ ತಾರಿಹಾಳದ ಫ್ಯಾಕ್ಟರಿಗೆ ಅರ್ಜಿ ಹಾಕಿಯಂತ? ಅಲ್ಲಿಂದ ನಮ್ಮ ಆಫೀಸಿಗೆ ಫೋನ್ ಬಂದಿತ್ತು, 'ಮನಶ್ಯಾ ಹೆಂಗ' ಅಂತ. ಶನಿವಾರದ್ದು ಮುಗದ ಮ್ಯಾಲೆ ಅದ ಕಾಗದಾ ಅಲ್ಲಿಗೂ ಕಳಸ್ತಾರಂತ. ಅದು ಹೋತಂದ್ರ ನಿನಗ ಆ ಕೆಲಸ ಸಿಗೂದಿಲ್ಲ. ಇಷ್ಟ. ಹೇಳಿದೆ.

…ಸ್ಕ್ರೂ ಬಿತ್ತು ನೋಡು. ಅಲ್ಲಿ, ಸ್ಟೂಲಿನ ಕೆಳಗ. ಹಾಂ.

ಬರಿ ಈಗ. ಮೊದಲನೇ ಗೆರಿ. ಯಾಕ ಮಾತಾಡೂದಿಲ್ಲ? ಬರಿ: ಆ ಖೋಲಿ ನಮ್ಮದಲ್ಲ. ಹೊರಗ ಚಪ್ಪಲ್ ಬಿಡಬೇಕು, ಒಳಗ ಥಣ್ಣಗ ಗಾಳಿ, ನೆಲಾ ಕನ್ನಡಿ ಕಂಡಂಗ. ನಮ್ಮ ಪ್ಯಾಂಟಿನ ಎಣ್ಣಿ ಕುರ್ಚಿಗೆ ಹತ್ತೀತು ಅಂತ ತುದೀಗೆ ಕುಂಡರೂದು. ಅರ್ಧ ಕುಂತಾಂವ ಪೂರ್ತಿ ಮಾತ ಹೆಂಗ ಆಡತಾನ? ಮತ್ತ ಆ ಕುರ್ಚಿಗೆ ಗಾಲಿ ಬ್ಯಾರೆ… ಯಾಕ ನಗತಿ? ಏ, ನಗಬ್ಯಾಡೋ! ಹೌದು, ಬಿದ್ದಿದ್ದೆ. ನಾನ ಬಿದ್ದಿದ್ದೆ. ಎದ್ದು ನಿಂತು 'ಸಾಹೇಬ್ರ, ನನ್ನದೊಂದು ವಿಚಾರ ಐತ್ರಿ' ಅಂತ ಹೇಳಿ, ಕುಂದ್ರಾಕ ಹೋದ್ರ ಕುರ್ಚಿ ಗ್ವಾಡಿ ಮಟಾ ಉರುಳಿ ಹೋಗಿತ್ತು. ದಪ್ಪಂತ! ವಿಚಾರ ಏನಿತ್ತು ಅಂತ ಇವತ್ತಿನ ಮಟಾ ಯಾರೂ ಕೇಳಿಲ್ಲ. ನಗು, ನಗು… ನೀ ನಗೂದ ನೋಡಿ ಭಾಳ ದಿನಾ ಆಗಿತ್ತು.

ಎರಡನೇದು. ಆ ಬೋರ್ಡಿನ ಮ್ಯಾಲಿನ ಮೀನ! ಒಂದು ಮೀನದ ಎಲುಬಿನ ಚಿತ್ರ ತಗೀತಾರ, ಒಂದೊಂದು ಎಲುಬಿಗೆ ಒಂದೊಂದು ಕಾರಣ ಬರೀಬೇಕು. ನಾ ಹುಟ್ಟಿದಾಗಿಂದ ಮೀನ ಮುಟ್ಟಿದಾಂವಲ್ಲ, ನನಗ ಅದರ ಎಲುಬಿನಾಗ ಏನ ತಿಳೀತೈತಿ ಅಂತ ನಿನ್ನ ಕಿವ್ಯಾಗ ಅಂದಿದ್ದೆ… ನೆನಪೈತಿ ನಿನಗ! ಬರಿ ಅದನ್ನ. ಮತ್ತ 'ಯಾಕ ಯಾಕ' ಆಟ ಬ್ಯಾರೆ. ಏನರ ತಪ್ಪಾದ್ರ ಐದ ಸಲ ಯಾಕ ಅಂತ ಕೇಳಬೇಕಂತ, ಐದನೇ ಯಾಕಕ್ಕ ಖರೇ ಕಾರಣ ಸಿಗತೈತಂತ.

ಮೂರನೇದು ಕುಬೇರಪ್ಪನ ಇಪ್ಪತ್ತು. ಇದನ್ನ ದೊಡ್ಡದಾಗಿ ಬರಿ. ಪಾಪ ಕುಬೇರಪ್ಪ ಕಾಕಾ, ರಿಟೈರ್ ಆಗಾಕ ಮೂರ ತಿಂಗಳಿದ್ದಾಗ ಬಾಯಿ ತಗದ. ಮಾಲಿನ ಪೆಟಗಿ ನೆಲದ ಮ್ಯಾಲೆ ಇಡೂದ ಬ್ಯಾಡ, ಎತ್ತರಕ್ಕ ಇಟ್ಟರ ಬಗ್ಗೂದ ತಪ್ಪತೈತಿ, ನಡಾ ಉಳಿತಾವು, ಅಂದ. ಸಾಹೇಬ್ರು ಚಪ್ಪಾಳಿ ಹೊಡದ್ರು, ಫೋಟೋ ತಗದ್ರು. ಮುಂದಿನ ವಾರ ಏನಾತು? ಬಗ್ಗೂದ ತಪ್ಪಿದ ಮ್ಯಾಲೆ ಟೈಮ್ ಉಳಿತಲ್ಲ ಅಂತ ಎಲ್ಲಾರ ದಿನದ ಲೆಕ್ಕಕ್ಕ ಇಪ್ಪತ್ತ ಪೀಸು ಹೆಚ್ಚ ಹಾಕಿದ್ರು. 'ಕುಬೇರಪ್ಪನ ಇಪ್ಪತ್ತು' ಅಂತ ಹೆಸರಿಟ್ಟಾಂವ ನೀನ ಅಲ್ಲೇನು? ಮಜಾಕಕ್ಕ ಇಟ್ಟಿದ್ದಿ, ಗೊತ್ತೈತಿ. ಆದ್ರ ಆಮ್ಯಾಲೆ ಮೂರ ತಿಂಗಳು ಕ್ಯಾಂಟೀನಿನ್ಯಾಗ ಅಂವನ ಬಾಜೂಕ ಯಾರೂ ಕುಂದ್ರಲಿಲ್ಲ. ಮೂವತ್ತ ವರ್ಷ ದುಡದ ಮನಶ್ಯಾ, ಒಬ್ಬನ ಕುಂತು ಅನ್ನ ಕಲಿಸಿಕೊಂಡು ಎದ್ದ ಹೋದ. ನಾನೂ ಕುಂದ್ರಲಿಲ್ಲ ಖಾದರ್. ಈಗ ನನ್ನ ಬಾಜೂಕ ಯಾರೂ ಕುಂಡರೂದಿಲ್ಲ. ಯಾಕಂತ ಕೇಳೂದಿಲ್ಲ ನಾನು.

…ನೀ ಯಾಕ ಬರ್ಯಾಕತ್ತಿಲ್ಲ? ಪೆನ್ನ ಹಿಡಕೊಂಡ ಕುಂತಿ. ಒಂದ ಅಕ್ಷರಾನೂ ಬಿದ್ದಿಲ್ಲಲ್ಲೋ ಇದರ ಮ್ಯಾಲೆ. ಇವೆಲ್ಲಾ ಖರೇ ಅಲ್ಲೇನು? ಕುರ್ಚಿ ಖರೇ, ಮೀನ ಖರೇ, ಇಪ್ಪತ್ತ ಖರೇ… ಹಂಗ ನೋಡಬ್ಯಾಡ. ಮಿಕ್ಸರ್ ಮಾಡು ನೀ. ಮಿಕ್ಸರ್ ಮಾಡು.

ಹೇಳತೇನಿ. ಹೇಳಾಕ ಬಂದೇನಿ. ಸ್ವಲ್ಪ ತಡಿ.

ನಮ್ಮಪ್ಪ ಗರಗದಾಗ ಖಾದಿ ಮಗ್ಗಕ್ಕ ಕುಂಡರತಿದ್ದ, ಹೇಳೇನಲ್ಲ ನಿನಗ. ಸೋಮವಾರ ಕೆಲಸ ಮುಗಿದ ಮ್ಯಾಲೆ ಅಂವ ಮಗ್ಗ ಬಿಟ್ಟು ಹಂಗ ಏಳತಿದ್ದಿಲ್ಲ. ವಿಭೂತಿ ನೀರಾಗ ನಾದಿ, ಮೂರ ಬೆರಳಲೆ ಮಗ್ಗದ ಕಟಗೀಗೆ ಎಳದು, ಕೈ ಮುಗದ ಏಳಾಂವ. ಅನ್ನಾ ಕೊಡೂದನ್ನ ಬರಿ ಹಣೀಲೆ ಬಿಟ್ಟ ಬರಬಾರದು ಅಂತಿದ್ದ. ನಾನೂ ಹಂಗ ಮಾಡಕೋತ ಬಂದೆ. ಹಳೇ ಮಷಿನ್ನಿಗೆ ಮುಂದ ಅಗಲ ಕಬ್ಬಣದ ಹಲಗಿ ಇತ್ತು, ಸೋಮವಾರ ಎರಡಕ್ಕ ಅದರ ಮ್ಯಾಲೆ ಎಳದು, ನಿನ್ನ ರೊಟ್ಟಿ ಗಂಟ ಅದರ ಬುಡಕ್ಕ ಇಟ್ಟ ಹೋಗತಿದ್ದೆ. ನೀ ಏನೂ ಅಂದಿದ್ದಿಲ್ಲ. ಒಮ್ಮೆ ನಾ ಸೂಟಿ ಹಾಕಿದಾಗ, 'ಗುರಣ್ಣಾ, ಈ ಸೋಮವಾರ ಮಷಿನ್ನಿನ ಹಣಿ ಖಾಲಿ ಇತ್ರಿ' ಅಂತ ನೀನ ನೆನಪ ಮಾಡಿದ್ದಿ.

ಆಮ್ಯಾಲೆ ಹೊಸಾ ಮಷಿನ್ ಬಂತು. ಅದಕ್ಕ ಹಣಿ ಎಲ್ಲೈತಿ ಹೇಳು? ಸುತ್ತಲೂ ಜಾಳಿಗಿ, ಸ್ಟಿಕ್ಕರು, ಗುಂಡಿ. ನಡುವ ಒಂದ ಗುಂಡನ ಕರಿ ಗಾಜು, ನನ್ನ ಕೈ ಎತ್ತರಕ್ಕ. ಅದ ಹಣಿ ಅನಿಸ್ತು ನನಗ. ಅದರ ಮ್ಯಾಲೆ ಎಳದೆ. ಅದು ಮಷಿನ್ನಿನ ಕಣ್ಣು ಅಂತ ನನಗೆಲ್ಲಿ ಗೊತ್ತು ಖಾದರ್? ಒಳಗ ಮಾಲ ಸರಿ ಕುಂತೈತೇನಿಲ್ಲೋ ಅಂತ ನೋಡೂ ಕಣ್ಣಂತ ಅದು! ಅದಕ್ಕ ಕಾಣಲಿಲ್ಲಂದ್ರ ಮಷಿನ್ ನಿಲ್ಲತೈತಂತ. ನಾ ಎರಡಕ್ಕ ಎಳದ ಹೋಗತಿದ್ದೆ, ನಿನ್ನ ಶಿಫ್ಟಿನ್ಯಾಗ ಒಣಗಿ ಬೆಳ್ಳಗ ಆಗತಿತ್ತು. ಮಂಗಳವಾರ ಆರಕ್ಕ ನಾನ ಬಂದು ಮಷಿನ್ನೆಲ್ಲಾ ಒರಸಿ ಶುರು ಮಾಡತಿದ್ದೆ. ರಿಪೇರಿಯವರು ಒಂಬತ್ತಕ್ಕ ಬಂದು ನೋಡಿದ್ರ ಏನೂ ಇಲ್ಲ, ಮಷಿನ್ ಛಲೋ ಓಡತೈತಿ! ಸೋಮವಾರ ಅಷ್ಟ ಕೆಡತೈತಿ, ಖಾದರನ ಕೈಯಾಗ ಅಷ್ಟ ಕೆಡತೈತಿ. ನೀ ರೀಸೆಟ್ ಗುಂಡಿ ಒತ್ತಿ ಒತ್ತಿ ನಿನ್ನ ಹೆಬ್ಬೆಟ್ಟ ಬಾತಿತ್ತು. ನಾ ನೋಡಿ, 'ಏನೋ ಇದು, ಅರಿಷಿಣ ಹಚ್ಚು' ಅಂದಿದ್ದೆ. ಅರಿಷಿಣ ಹಚ್ಚು ಅಂದಿದ್ದೆ ನಾನು!

ನಾಲ್ಕ ಯಾಕ ಕೇಳಿದ್ರು ಆ ಗುರುವಾರ. ಮಾಲ ಯಾಕ ಕಡಿಮಿ? ಮಷಿನ್ ನಿಲ್ಲತೈತಿ. ಯಾಕ ನಿಲ್ಲತೈತಿ? ಕಣ್ಣಿಗೆ ಕಾಣೂದಿಲ್ಲ. ಯಾಕ ಕಾಣೂದಿಲ್ಲ? ಗಾಜ ಹೊಲಸ ಆಗತೈತಿ. ಯಾಕ ಹೊಲಸ? ಆಪರೇಟರ್ ಒರಸೂದಿಲ್ಲ. ಅಲ್ಲಿಗೆ ಬಿಟ್ಟರು, ಬಸ್ಸಿನ ವ್ಯಾಳ್ಯಾ ಆಗಿತ್ತು. ಗಾಜು ಅಂತ ವಿನೋದ ಸಾಹೇಬ್ರು ಬೋರ್ಡಿನ ಮ್ಯಾಲೆ ಚಿತ್ರ ತಗದ್ರಲ್ಲ, ಅವಾಗ ನನಗ ತಿಳೀತು. ಮೇಜಿನ ಬುಡಕ ನನ್ನ ಮೂರ ಬೆರಳು ನೋಡಕೊಂಡೆ. ನಿನ್ನ ನಿಂದ್ರಿಸಿ, 'ಖಾದರಬಾಷಾ, ನೀವ ಗಾಜ ಒರಸೂದಿಲ್ಲೇನು?' ಅಂತ ಕೇಳಿದ್ರು. ನೀ ನನ್ನ ಕಡೆ ಒಂದ ಸಲ ನೋಡಿದಿ. ಒಂದ ಸಲ. 'ತಪ್ಪಾತ್ರಿ' ಅಂದಿ.

ಆವಾಗ ನಾ ಸುಮ್ಮನ ಕುಂತಿದ್ದೆ. ಅದನ್ನ ಹೇಳಾಕ… ಇಲ್ಲ. ಸುಮ್ಮನ ಕುಂತಿದ್ದಿಲ್ಲ. ನೀನೂ ಅಲ್ಲೇ ಇದ್ದಿ, ನಿನ್ನ ಮುಂದ ಏನ ಮುಚ್ಚೂದು. 'ಗುರುಶಿದ್ದಪ್ಪ ಅವರ, ನೀವು ತಂಡದ ಹಿರಿಯರು, ಇದನ್ನ ಬರಕೊಳ್ಳೂದೇನು?' ಅಂತ ಕೇಳಿದ್ರು. ನಾ 'ಹೌದ್ರಿ' ಅಂದೆ. ಅಂದ ಬಿಟ್ಟೆ. ನಿನ್ನ ಲೋಡಿಂಗಿಗೆ ಹಾಕಿದ್ರು, ಎರಡ ವಾರಕ್ಕ ನೀ ಬಿಟ್ಟ ಹೋದಿ. ಮುಂದಿನ ಸೋಮವಾರದಿಂದ ನಾ ವಿಭೂತಿ ಹಚ್ಚೂದ ಬಿಟ್ಟೆ, ಮಷಿನ್ ನೆಟ್ಟಗಾತು. ನೋಡ್ರಿ, ಖಾದರ್ ಹೋದ, ಸಮಸ್ಯೆ ಹೋತು ಅಂತ ಬರದ್ರು. ನನಗ ಗೋಡೆ ಗಡಿಯಾರ ಕೊಟ್ಟರು. ಮನ್ಯಾಗ ಐತಿ. ಫಕೀರವ್ವ ಒಲೀ ಎದುರಿಗೆ ಹಾಕ್ಯಾಳ, ಅದನ್ನ ನೋಡಿ ನಾಲ್ಕಕ್ಕ ಎದ್ದು ನಿನಗ ರೊಟ್ಟಿ ಬಡೀತಾಳ.

ಹೇಳಿದೆ. ಎಲ್ಲಾ ಹೇಳಿದೆ. ಈಗರ ಏನರ ಅನ್ನು.

…ನಿನಗ ಒಂದೀಟೂ… ನಾ ಇಷ್ಟ ಹೇಳಿದೆ, ನೀ ಕಣ್ಣ ಎತ್ತಲಿಲ್ಲ. ಹೌಹಾರಬೇಕಿತ್ತಲ್ಲೋ ನೀನು! 'ಅಯ್ಯ, ನೀವೇನ್ರಿ ಗುರಣ್ಣಾ' ಅನಬೇಕಿತ್ತು! ಹಾದೀಲೆ ಅದನ್ನ ಎದುರ ನೋಡಕೋತ ಬಂದೆ. ನೀ ಎದ್ದು ನಿಂತು ಚೀರತಿ, ಆಮ್ಯಾಲೆ ನಾ ಕೈ ಮುಗೀತೇನಿ, ಆಮ್ಯಾಲೆ ಎಲ್ಲಾ ಮುಗೀತೈತಿ ಅಂತ. ನೀ ನೋಡಿದ್ರ ಮಿಕ್ಸರಿನ ಬಟ್ಟಲಾ ಒರಸಾಕತ್ತಿ…

ಅದು… ಆ ಅರವಿ. ಹಳೇ ಬನಿಯನ್ನಿನ ತುಂಡು. ಅಂಗಿ ಕಿಸೇದಾಗ ಇಟಗೊಂಡು ಬರ್ತಿದ್ದಿಯಲ್ಲ, ಅದ ಹೌದಿಲ್ಲೋ?

ನಿನಗ ಗೊತ್ತಿತ್ತು.

ಮೊದಲಿಂದ ಗೊತ್ತಿತ್ತು… ಅದಕ್ಕ ಹೊಸಾ ಮಷಿನ್ ಬಂದು ಒಂದು ವರ್ಷ ಏನೂ ಆಗಲಿಲ್ಲ. ಸೋಮವಾರ ಆಗಲಿಲ್ಲ, ಮಂಗಳವಾರ ಆಗಲಿಲ್ಲ. ನಾ ಎಳದ ಹೋಗತಿದ್ದೆ, ನೀ ಒರಸಿ ಶುರು ಮಾಡತಿದ್ದಿ. ಯಾರ ಮುಂದನೂ ಹೇಳದನ. ನನ್ನ ಮುಂದನೂ ಹೇಳದನ, ಗುರಣ್ಣಗ ಬ್ಯಾಸರ ಆದೀತು ಅಂತ. ಆಮ್ಯಾಲೆ ಒರಸೂದ ಬಿಟ್ಟಿ. ಯಾಕ ಬಿಟ್ಟಿ? ಕೇಳಲಿಲ್ಲ ಅವರು. ಐದನೇ ಯಾಕ ಕೇಳಲಿಲ್ಲ.

ಆ ಅರವಿ ಮಡಚಿ ನನ್ನ ಮುಂದ ಇಡಬ್ಯಾಡೋ… ಅದನ್ನ ನೋಡಿದ್ರ ಆ ದಿನಾನ ಕಣ್ಣ ಮುಂದ ಬರ್ತೈತಿ ನನಗ.

ಹೌದು, ಗೊತ್ತೈತಿ. ನನಗ ಗೊತ್ತೈತಿ ಯಾಕ ಬಿಟ್ಟಿ ಅಂತ. ಅವತ್ತೊಂದ ಸೋಮವಾರ ರೊಟ್ಟಿ ಗಂಟ ಚೀಲದಾಗ ಉಳದಿತ್ತು. ಗೇಟಿನ ಮಟಾ ಹೋದಾಂವ ತಿರಗಿ ಬಂದೆ, ನೀ ಉಪಾಸ ಇರತಿ ಅಂತ. ಬಂದು ನೋಡಿದ್ರ ನೀ ಈ ಅರವೀಲೆ ಗಾಜ ಒರಸಾಕತ್ತಿದ್ದಿ. ನನ್ನ ನೋಡಿ ನಾಚಿದಿ. ಆಮ್ಯಾಲೆ ಹೇಳಿದಿ… ಮೀಟಿಂಗಿನಾಗ ಅಲ್ಲ, ಬೋರ್ಡಿಲ್ಲ, ಕುರ್ಚಿ ಇಲ್ಲ, ಅಲ್ಲೇ ಮಷಿನ್ನಿನ ಬಾಜೂಕ ನಿಂತು ಹೇಳಿದಿ. 'ಗುರಣ್ಣಾ, ತಪ್ಪ ತಿಳೀಬ್ಯಾಡ್ರಿ. ಇದನ್ನ ನಾಕ ಬೆರಳ ಬಾಜೂಕ ಹಚ್ಚರಿ. ಮಷಿನ್ನಿಗೂ ಹಣಿ ಆಗತೈತಿ, ಕಣ್ಣಿಗೂ ತ್ರಾಸ ಆಗೂದಿಲ್ಲ.'

ನಾಕ ಬೆರಳ. ಅಷ್ಟ ಕೇಳಿದ್ದಿ. ಬೋರ್ಡಿನ ಚಿತ್ರ ನೋಡಿ ತಿಳೀತು ಅಂತ ಈಗ ಅಂದೆನಲ್ಲ, ಸುಳ್ಳ ಅದು; ಕಣ್ಣು ಅಂತ ಅವತ್ತ ನೀನ ಹೇಳಿದ್ದಿ.

ಅಷ್ಟರಾಗ ಎಂಟ ಹತ್ತ ಮಂದಿ ನೆರದಿದ್ರು, ಶಿಫ್ಟ್ ಬದಲಿ ವ್ಯಾಳ್ಯಾ ಅಲ್ಲೇನು. ಎಲ್ಲಾರೂ ನಿನ್ನ ಕೈಯಾಗಿನ ಬೆಳ್ಳಗಾದ ಅರವಿ ನೋಡಿದ್ರು, ನನ್ನ ಮಾರಿ ನೋಡಿದ್ರು. ನಾವಿಬ್ಬರ ಇದ್ದಿದ್ರ ನಾ ನಕ್ಕ ಬಿಡತಿದ್ದೆ ಖಾದರ್, ಫಕೀರವ್ವನ ಆಣಿ. ಮಂದಿ ಇದ್ರು. ಮಂದಿ ನೋಡಾಕತ್ತಿದ್ರು… 

'ನಮ್ಮ ದೇವರ ವಿಭೂತಿಗೆ ನಿನ್ನ ಕೈ ಹಚ್ಚಬ್ಯಾಡ' ಅಂದೆ.

ಅಂದೆ. ನಾನ ಅಂದೆ. ಯಾರೋ ಹಿಂದಿಂದ 'ಛಲೋ ಹೇಳಿದಿ' ಅಂದ್ರು, ಆವಾಗ ನನ್ನ ಎದಿ ಉಬ್ಬಿತ್ತು, ಅದೂ ಖರೇ. ರೊಟ್ಟಿ ಗಂಟ ಅಲ್ಲೇ ಇಟ್ಟ ಹ್ವಾದೆ. ಮರುದಿನ ಮುಂಜಾನೆ ಬಂದ್ರ ಗಂಟ ಕಟ್ಟಿಧಂಗ ಇತ್ತು, ಇರಿವಿ ಹತ್ತಿದ್ದವು. ಬುಧವಾರದಿಂದ ನೀ ಮತ್ತ ತಿಂದಿ. ನಾ ಎಲ್ಲಾ ಮುಗೀತು ಅನಕೊಂಡೆ. ಆಮ್ಯಾಲೆ ಪ್ರತಿ ಸೋಮವಾರ ಆ ಗಾಜ ಬೆಳ್ಳಗ ಇರತಿತ್ತು, ಮಷಿನ್ ನಿಲ್ಲತಿತ್ತು, ನೀ ಹೆಬ್ಬೆಟ್ಟಲೆ ಗುಂಡಿ ಒತ್ತತಿದ್ದಿ. ಆ ಹತ್ತ ಮಂದೀನೂ ಅದನ್ನ ನೋಡತಿದ್ರು. ಯಾರೂ ಏನೂ ಅನ್ನಲಿಲ್ಲ. ಆ ಮಾತ ಆದ ಮ್ಯಾಲೆ ಮೀಟಿಂಗಿನಾಗ ನೀ ಎದ್ದು ಏನಂತ ಹೇಳತಿದ್ದಿ? ಯಾರ ಹೇಳಿದ್ರೂ ಹೇಳಬಹುದಿತ್ತು, ನೀ ಒಬ್ಬ ಹೇಳಾಕ ಬರತಿದ್ದಿಲ್ಲ.

ನಾವು ಯಾಕ ಮಾತಾಡೂದಿಲ್ಲ ಅಂತ ಕೇಳ್ಯಾರ ನೋಡು, ಈ ಕಾಗದದಾಗ. ನೀ ಮಾತಾಡಿದ್ದಿ ಖಾದರ್. ಇಡೀ ಫ್ಯಾಕ್ಟರ್ಯಾಗ ಒಬ್ಬಾಂವ ಮಾತಾಡಿದ್ದ.

ಆ ಪೆನ್ನ ಕೊಡು. ಇದನ್ನ ನಿನ್ನ ಕೈಲೆ ಬರಸಬಾರದು… ಕೊಡು, ಶನಿವಾರದ ಒಳಗ ಮೇಡಮ್ ಕೈಗೆ ಮುಟ್ಟೂಹಂಗ, ನನ್ನ ಹೆಸರ ಹಾಕಿ ನಾನ ಬರೀತೇನಿ.